ಹಗಲು ಹೇಳಬಾರದ ಕತೆ

ಶಶಿರೇಖಾ ಬೆಳಿಗ್ಗೆಯಿಂದ ಒಂದು ಕಡೆ ನಿಂತವಳಲ್ಲ. ಒಲೆ ಹಚ್ಚಿ ಟೀ ಕಾಯಿಸಿದಳು, ಕುಡಿಯುವುದನ್ನು ಮರೆತಳು. ರಸ್ತೆಗೆ ಬಂದು ತಳಿ ಊರಿನ ಕಡೆ ನೋಡಿದಳು, ಮೊಬೈಲಿನಲ್ಲಿ ಗಂಟೆ ನೋಡಿದಳು, ಒಳಗೆ ಹೋದಳು, ಮತ್ತೆ ರಸ್ತೆಗೆ ಬಂದಳು. ಬಾಗಿಲಲ್ಲಿ ಕಾಲು ಚಾಚಿ ಕೂತಿದ್ದ ಅಜ್ಜಿ ಪಿಳ್ಳಮ್ಮನಿಗೆ ಕಣ್ಣು ಮಂಜು. ಆದರೆ ಕಿವಿ ಎಂಥಾ ಕಿವಿ ಅಂತೀರಿ, ಪಕ್ಕದ ಮನೆಯಲ್ಲಿ ಉಪ್ಪು ಹಾಕಿದ್ದೂ ಕೇಳಿಸುತ್ತದೆ.

"ಕಾಲಿಗೆ ಇರುವೆ ಬಿಟ್ಕಂಡಿದ್ದೀಯೇನೇ? ಒಂದ್ಗಳಿಗೆ ಕುಂತ್ಕಬಾರ್ದಾ?"

"ಜೀಪು ಬರ್ಲಿಲ್ಲ ಅಜ್ಜಿ. ಹತ್ತೂವರೆ ಆಯ್ತು."

"ಬತ್ತಾರೆ. ಸರ್ಕಾರದೋರು ಮದುವೆಗೂ ಲೇಟು, ಸಾವಿಗೂ ಲೇಟು."

ಶಶಿಗೆ ನಗು ಬರಲಿಲ್ಲ. ಇಪ್ಪತ್ತೆಂಟು ವರ್ಷದ ಹುಡುಗಿ, ಹೊಸೂರಿನ ಕಾರ್ಖಾನೆಯೊಂದರಲ್ಲಿ ವೈರು ಜೋಡಿಸುವ ಲೈನಿನಲ್ಲಿ ಕೆಲಸ. ಒಂದು ದಿನದ ರಜೆಗೆ ಸೂಪರ್‌ವೈಸರ್ ಹತ್ತಿರ ಮೂರು ದಿನ ಗೋಗರೆದಿದ್ದಳು. ಇವತ್ತು ತಪ್ಪಿದರೆ ಇನ್ನೊಂದು ದಿನ ಅನ್ನುವುದು ಇರಲಿಲ್ಲ. ನಾಳೆ ವರದಿ ಮೇಲಿನ ಕಮಿಟಿಗೆ ಹೋಗುತ್ತದೆ.

ವಿಷಯ ಇಷ್ಟು. ತಳಿಯಿಂದ ಮೇಲೆ, ಕಾಡಿನ ಅಂಚಿಗೆ ರಸ್ತೆ ಪಕ್ಕದಲ್ಲಿ ಇರುಳಿಗರ ಮೂವತ್ತು ಮನೆಗಳ ಕಾಲೋನಿ. ನಲವತ್ತೈದು ವರ್ಷದ ಹಿಂದೆ ಒಳಕಾಡಿನ ಹಳೆದೊಡ್ಡಿಯಿಂದ ಇವರನ್ನೆಲ್ಲ ಲಾರಿಗೆ ಹತ್ತಿಸಿ ತಂದು ಇಲ್ಲಿ ಇಳಿಸಿದ್ದರು. ಸದ್ಯಕ್ಕೆ ಇಲ್ಲಿರಿ ಅಂದಿದ್ದರು. ಆ ಸದ್ಯ ಇನ್ನೂ ಮುಗಿದಿಲ್ಲ. ಪಟ್ಟಾ ಇಲ್ಲ, ಇರುವುದು ರಸ್ತೆ ಪೊರಂಬೋಕು, ಅಂದರೆ ಸರ್ಕಾರದ ಜಾಗ. ಈಗ ಅದೇ ರಸ್ತೆ ಅಗಲವಾಗುತ್ತದಂತೆ, ಮನೆಗಳ ಗೋಡೆ ಮೇಲೆ ಕೆಂಪು ಬಣ್ಣದಲ್ಲಿ ಗೀಟು ಎಳೆದು ಹೋಗಿದ್ದಾರೆ. ಎಲ್ಲಿಗೆ ಹೋಗುವುದು? ಹಳೆದೊಡ್ಡಿಗೇ ಹೋಗಬಹುದು, ಕಾಯಿದೆ ಇದೆ, ಆದರೆ ನೀವು ಅಲ್ಲಿ ಬಾಳಿದ್ದಿರಿ ಅನ್ನುವುದಕ್ಕೆ ಗುರುತು ತೋರಿಸಬೇಕು ಅಂದರು ಆಫೀಸಿನಲ್ಲಿ. ಗುರುತು ಅಂದರೆ ಕಾಗದವೇ ಆಗಬೇಕಿಲ್ಲ. ಹಿರಿಯರು ಹೇಳಿದ ಮಾತು ಕೂಡ ಸಾಕ್ಷಿ, ಆ ಮಾತಿನ ಜಾಗ ನೆಲದ ಮೇಲೆ ಸಿಕ್ಕಿದರೆ ಸಾಕು.

ಹಿರಿಯರು ಅಂತ ಉಳಿದವಳು ಪಿಳ್ಳಮ್ಮ ಒಬ್ಬಳೇ. ಉಳಿದವರೆಲ್ಲ ಲಾರಿಯಿಂದ ಇಳಿದಾಗ ಕೂಸುಗಳು, ಇಲ್ಲವೇ ಆಮೇಲೆ ಹುಟ್ಟಿದವರು. ಅವಳ ಹತ್ತಿರ ಇದ್ದದ್ದು ಒಂದು ಕತೆ. ಮದಲಗಿತ್ತಿ ಕತೆ.

ಆಚೆ ಬೆಟ್ಟದಿಂದ ಒಬ್ಬ ಹುಡುಗಿಯನ್ನು ಮದುವೆ ಮಾಡಿ ನಡೆಸಿಕೊಂಡು ಬರುತ್ತಾರೆ. ಗಂಡ ಮಹಾ ಸುಳ್ಳುಬುರುಕ. ಹುಡುಗಿ ಪ್ರತಿ ಜಾಗದಲ್ಲೂ ನಿಂತು "ಇನ್ನೆಷ್ಟು ದೂರ?" ಅನ್ನುತ್ತಾಳೆ. ಅವನು "ಇಗೋ ಇಲ್ಲೇ" ಅನ್ನುತ್ತಾನೆ. ಅವಳು ಬಾಯಾರಿ ನೀರು ಕುಡಿದ ಬಂಡೆಯ ಹೊಂಡ ಒಂದು ಜಾಗ, ಸಿಟ್ಟಿನಲ್ಲಿ ಬಳೆ ಒಡೆದುಕೊಂಡದ್ದು ಒಂದು ಜಾಗ, ಗೆಣಸು ಅಗೆದು ಸುಟ್ಟು ತಿಂದದ್ದು ಇನ್ನೊಂದು ಜಾಗ. ಹಿಂಗೆ ಹೋಗುತ್ತಾ ಹೋಗುತ್ತಾ ದಾರಿ ಪೂರ್ತಿ ಕತೆಯಲ್ಲಿದೆ. ಹೋದ ತಿಂಗಳು ಒಂದು ರಾತ್ರಿ ಶಶಿ ಅಜ್ಜಿಯ ಬಾಯಿಂದ ಇದನ್ನು ಮೊಬೈಲಿನಲ್ಲಿ ಹಿಡಿದುಕೊಂಡಿದ್ದಳು. ಅಜ್ಜಿಗೆ ಮುಂದಿನ ಹಲ್ಲಿಲ್ಲ, ಹೊರಗೆ ಗಾಳಿ ಬೇರೆ. ಹುಡುಗಿ ಕೊನೆಗೆ ಒಂದು ಕಲ್ಲಿನ ಹತ್ತಿರ ಬಂದಳು ಅಂತ ಅದರ ಹೆಸರು ಹೇಳಿದ್ದೇ ತಡ, ಮೊಬೈಲಿನ ಚಾರ್ಜು ಮುಗಿಯಿತು, ಶಶಿಗೆ ನಿದ್ದೆ ಹತ್ತಿತ್ತು. ಬೆಳಿಗ್ಗೆ ಎದ್ದು ಆಮೇಲೇನಾಯ್ತು ಅಂದರೆ ಅಜ್ಜಿ ಬಾಯಿ ಬಿಡಲಿಲ್ಲ, ಶಶಿಗೆ ಕಂಪನಿ ಬಸ್ಸು ಹಿಡಿಯುವ ಅವಸರ. ಆಯ್ತು, ಕಲ್ಲಿನ ಹೆಸರು ಸಿಕ್ಕಿತಲ್ಲ, ಸಾಕು ಅಂದುಕೊಂಡಳು. ಅರ್ಜಿಯನ್ನು ತಮಿಳಿನಲ್ಲಿ ತಾನೇ ಬರೆದಳು. ಓದಿದ್ದು ತಮಿಳು ಮೀಡಿಯಂ, ಅವಳ ಅಕ್ಷರ ಮುತ್ತಿನಂಥದ್ದು. ನಮ್ಮ ಹಳೇ ಊರು ಯಾನೈಕ್ಕಲ್ಲಿನ ಪಕ್ಕದಲ್ಲಿದೆ, ಅಂದರೆ ಆನೆಕಲ್ಲು, ಎಂದು ಬರೆದು ಮೂವತ್ತು ಮನೆಯವರ ಕೈಲೂ ಸಹಿ ಹಾಕಿಸಿ ಕೊಟ್ಟಿದ್ದಳು.

ಜೀಪು ಬಂದಾಗ ಹನ್ನೊಂದಾಗಿತ್ತು. ಇಳಿದವರು ಇಬ್ಬರು. ಶ್ಯಾಮಣ್ಣ ರೆವಿನ್ಯೂ ಇನ್ಸ್‌ಪೆಕ್ಟರು, ಸೂಳಗಿರಿ ಕಡೆಯವನು, ಕನ್ನಡ ತೆಲುಗು ತಮಿಳು ಮೂರನ್ನೂ ಒಂದೇ ಉಸಿರಿಗೆ ಕಲಸಿ ಮಾತಾಡುವವನು. ಇನ್ನೊಬ್ಬ ಭೈರೇಶ್, ಫಾರೆಸ್ಟ್ ಗಾರ್ಡು.

"ಮೊದಲೇ ಹೇಳ್ಬಿಡ್ತೀನಿ," ಅಂದ ಭೈರೇಶ್, "ಐದು ಗಂಟೆಗೆ ಕಾಡಿಂದ ಈಚೆಗೆ ಬಂದ್ಬಿಡ್ಬೇಕು. ಆನೆ ಹಿಂಡೊಂದು ಈ ಕಡೇನೇ ಅಡ್ಡಾಡ್ತಾ ಐತೆ. ಆಮೇಲೆ ನನ್ನ ಬಯ್ಬೇಡಿ."

ಅಜ್ಜಿಯನ್ನು ಮುಂದಿನ ಸೀಟಿನಲ್ಲಿ ಕೂರಿಸಿದರು. ಶಶಿ ಹಿಂದೆ. ಆನೆಕಲ್ಲು ಅಂದರೆ ಗಾರ್ಡಿಗೆ ಚೆನ್ನಾಗಿ ಗೊತ್ತು, ದೂರಕ್ಕೆ ಆನೆ ಮಲಗಿದ ಹಾಗೇ ಕಾಣುವ ದೊಡ್ಡ ಬಂಡೆ. ಒಂದು ಗಂಟೆ ಕುಲುಕಾಡಿಕೊಂಡು ಹೋದರು. ಶಶಿ ದಾರಿಯುದ್ದಕ್ಕೂ ಕಿಟಕಿಯಿಂದ ಆಚೆ ಇಣುಕುತ್ತಾ ಇದ್ದಳು. ನೀರಿನ ಹೊಂಡ ಬರಬೇಕಿತ್ತು, ಬರಲಿಲ್ಲ. ಬಳೆ ಒಡೆದ ದಿಬ್ಬ ಬರಬೇಕಿತ್ತು, ಬರಲಿಲ್ಲ. ಮುಂದೆ ಬರುತ್ತದೆ, ಮುಂದೆ ಬರುತ್ತದೆ ಅಂತ ತನಗೆ ತಾನೇ ಹೇಳಿಕೊಂಡಳು.

ಬಂಡೆಯ ಸುತ್ತ ಏನೂ ಇರಲಿಲ್ಲ. ಶ್ಯಾಮಣ್ಣ ಪ್ಯಾಂಟು ಮಡಿಸಿಕೊಂಡು ಸುತ್ತು ಹೊಡೆದ, ಭೈರೇಶ್ ಕೋಲಿನಿಂದ ಲಂಟಾನದ ಪೊದೆ ಸರಿಸಿ ಸರಿಸಿ ನೋಡಿದ. ಒಂದು ಒಲೆಗಲ್ಲಿಲ್ಲ, ಒಂದು ಪಾಯದ ಗುರುತಿಲ್ಲ. ಶಶಿ ಓಡಾಡಿದಳು, ಮುಳ್ಳು ತರಚಿಕೊಂಡಳು, ಬಂಡೆ ಹತ್ತಿ ಇಳಿದಳು.

"ಇಲ್ಲಿಗ್ಯಾಕೆ ಕರ್ಕಂಬಂದ್ರಿ?" ಅಂದಳು ಪಿಳ್ಳಮ್ಮ, ಜೀಪಿನಿಂದ ಇಳಿಯದೆ. "ಇಲ್ಲಿ ಗಾಳಿ ಬ್ಯಾರೆ ಐತೆ. ನೀರಿನ ವಾಸ್ನೇನೆ ಇಲ್ಲ."

"ಆನೆಕಲ್ಲು ಅಜ್ಜಿ! ನೀನೇ ಅಲ್ವಾ ಹೇಳಿದ್ದು?"

"ನಾನ್ಯಾವಾಗ್ಲೇ ಆನೆ ಅಂದೆ?"

"ಅಂದಿದ್ದೀಯ. ಮೊಬೈಲಲ್ಲಿದೆ."

"ಥೂ, ನಿನ್ನ ಮೊಬೈಲಿಗಿಷ್ಟು! ಆನೆ ಅಲ್ಲ ಕಣೇ, ಆಣೆ. ಆಣೆ ಅಂದ್ರೆ ಪ್ರಮಾಣ. ಆ ಹುಡುಗಿ ಆ ಕಲ್ಮೇಲೆ ಕುಂತು, ಇನ್ನೊಂದ್ ಎಜ್ಜೆ ಎತ್ತಿಡಕಿಲ್ಲ, ನಿಮ್ಮಾಣೆ ಅಂತ ಅಂದ್ಬುಟ್ಟು ಅಲ್ಲೇ ಉಳ್ಕಂಡ್ಳು. ಅವ್ಳು ಏಳ್ಲಿಲ್ಲ, ಅಲ್ಲೇ ದೊಡ್ಡಿ ಆಯ್ತು. ಆಣೆಕಲ್ಲು!"

ಹಲ್ಲಿಲ್ಲದ ಬಾಯಿಯ ಒಂದು ಣ. ಅದನ್ನು ನ ಅಂತ ಕೇಳಿಸಿಕೊಂಡು, ಯಾನೈ ಅಂತ ಬರೆದು, ಮೂವತ್ತು ಮನೆಯನ್ನು ಇಲ್ಲದ ಜಾಗಕ್ಕೆ ತಂದು ನಿಲ್ಲಿಸಿದ್ದಳು. ಯಾರನ್ನು ಬಯ್ಯುವುದು? ಆಫೀಸಿನವರನ್ನಾ, ಗಾರ್ಡನ್ನಾ? ಅಕ್ಷರ ಅವಳದೇ, ಕೈ ಅವಳದೇ. ಓದಿದವಳು ಅಂತ ನಂಬಿ ಕಾಲೋನಿಯವರು ಅದರಲ್ಲೇನಿದೆ ಅಂತ ಕೇಳದೆ ಸಹಿ ಹಾಕಿದ್ದರು.

"ಸಾರ್, ತಪ್ಪು ನಂದೇ," ಅಂದಳು. "ಬೇರೆ ಜಾಗ ಸಾರ್. ಇದಲ್ಲ."

ಶ್ಯಾಮಣ್ಣ ಕೆಟ್ಟವನಲ್ಲ. ಹಣೆ ಒರೆಸಿಕೊಂಡ. "ಸರಿಯಮ್ಮಾ, ಆ ಜಾಗ ಎಲ್ಲೈತೆ? ಇನ್ನೂ ಟೈಮಿದೆ. ತೋರಿಸಿದ್ರೆ ಅರ್ಜಿ ತಿದ್ಕೊಂತೀನಿ. ಇವತ್ತು ತೋರಿಸ್ಬೇಕು ಅಷ್ಟೇ."

"ಅಜ್ಜೀ, ಎಲ್ಲಿ ಅದು?"

"ಮುನೇಶ್ವರನ ಕಟ್ಟೆಯಿಂದ ಕತೆ ಸುರು," ಅಂದಳು ಪಿಳ್ಳಮ್ಮ.

ಮುನೇಶ್ವರನ ಕಟ್ಟೆ ಕಾಲೋನಿಗೆ ಒಂದು ಮೈಲಿ ದೂರ, ಎಲ್ಲರಿಗೂ ಗೊತ್ತಿದ್ದದ್ದೇ. ಜೀಪು ತಿರುಗಿಸಿದರು. ಬಂದಷ್ಟೇ ದೂರ ವಾಪಸ್. ಶಶಿ ಈಗ ಕಿಟಕಿ ನೋಡಲಿಲ್ಲ, ಬರೀ ಗಂಟೆ ನೋಡುತ್ತಿದ್ದಳು. ಒಂದೂಕಾಲು. ಒಂದೂವರೆ. ಲೈನಿನ ಹುಡುಗಿಯೊಬ್ಬಳು ಮೆಸೇಜು ಕಳಿಸಿದ್ದಳು, ಆಯ್ತಾ ಅಂತ.

ಕಟ್ಟೆಯ ಹತ್ತಿರ ಇಳಿದಾಗ ಎರಡಾಗಿತ್ತು. ಕಟ್ಟೆಯ ಹಿಂದೆ ಕಾಡು, ಕಾಡಿನ ತುಂಬ ಆಳೆತ್ತರದ ಲಂಟಾನ. ಎಲ್ಲಿ ನುಗ್ಗಿದರೂ ಒಂದೇ. ಶಶಿ ಅಜ್ಜಿಯ ಕೈ ಹಿಡಿದು ಇಳಿಸಿದಳು.

"ಹೇಳಜ್ಜಿ. ಎತ್ತ ಹೋಗೋದು?"

ಪಿಳ್ಳಮ್ಮ ಕಟ್ಟೆಗೆ ಕೈ ಮುಗಿದು ಅಲ್ಲೇ ಕೂತಳು.

"ಅಜ್ಜೀ!"

"ಬಿಸ್ಲು ಐತಲ್ಲವ್ವಾ."

"ನೆರಳಲ್ಲೇ ಹೋಗಣ."

"ಅದಲ್ಲ. ಹಗಲು ಕತೆ ಹೇಳಂಗಿಲ್ಲ. ಕೇಳ್ದೋರ ಸೋದರಮಾವ ದಾರಿ ತಪ್ತಾನೆ."

ಶ್ಯಾಮಣ್ಣ ನಕ್ಕುಬಿಟ್ಟ. "ನಮ್ಮಮ್ಮನೂ ಹಿಂಗೇ ಹೇಳ್ತಿದ್ಲು ಕಣಜ್ಜಿ. ನಂಗೆ ಇಬ್ರು ಸೋದರಮಾವಂದ್ರು, ಒಬ್ಬ ಆಗ್ಲೇ ಕುಡ್ದು ಕುಡ್ದು ದಾರಿ ತಪ್ಪವ್ನೆ. ಪರ್ವಾಗಿಲ್ಲ, ಹೇಳು."

"ಸಾರ್, ನಿಮ್ದು ಬಿಡಿ," ಅಂದ ಭೈರೇಶ್. "ನಂಗೆ ನಮ್ಮ ಸೋದರಮಾವನೇ ಹೆಣ್ಣು ಕೊಟ್ಟಿರೋದು. ಅವ್ನು ದಾರಿ ತಪ್ಪಿದ್ರೆ ಮನೇಲಿ ನಂಗೆ ಮುದ್ದೆ ಹುಟ್ಟಕಿಲ್ಲ."

ಗಂಡಸರು ನಗುತ್ತಿದ್ದರು. ಶಶಿಗೆ ಮೈ ಉರಿಯಿತು. "ಕತೆ ಬ್ಯಾಡಜ್ಜಿ, ದಾರಿ ಹೇಳು ಸಾಕು. ಆಣೆಕಲ್ಲು ಎಡಕ್ಕಾ, ಬಲಕ್ಕಾ? ಅಷ್ಟು ಹೇಳಿದ್ರೆ ಆಯ್ತು."

"ಮಧ್ಯದಿಂದ ಕಿತ್ತು ಕೊಡಕ್ಕೆ ಅದೇನು ಕಡ್ಲೆಕಾಯಾ? ನನ್ನ ಕಣ್ಣಿಗೆ ಕಾಣ್ತದಾ ಈಗ? ಕತೆ ನಡೀತಿದ್ರೆ ಕಾಲು ನಡೀತದೆ. ಕತೆ ಇಲ್ದಿದ್ರೆ ನಂಗೂ ತಿಳೀದು. ಹೊತ್ತು ಮುಳುಗ್ಲಿ, ಹೇಳ್ತೀನಿ."

"ಹೊತ್ತು ಮುಳುಗಿದ್ಮೇಲೆ ಕಾಡೊಳಗೆ ಬಿಡಲ್ಲ ಅಜ್ಜಿ," ಅಂದ ಭೈರೇಶ್, ಈಗ ನಗದೆ.

ಶಶಿ ಅಜ್ಜಿಯ ಮುಂದೆ ಕುಕ್ಕರುಗಾಲಲ್ಲಿ ಕೂತಳು. ಕೈ ಹಿಡಿದಳು, ಗದ್ದ ಹಿಡಿದಳು. ಮನೆಗಳು ಹೋಗುತ್ತವೆ ಅಂದಳು, ಕೆಂಪು ಗೀಟು ನಮ್ಮ ಗೋಡೆ ಮೇಲೂ ಇದೆ ಅಂದಳು, ಅಮ್ಮ ಗೋವಿಂದಮ್ಮ ಗುಲಾಬಿ ಫಾರಮ್ಮಿನಲ್ಲಿ ಮುಳ್ಳು ಚುಚ್ಚಿಸಿಕೊಂಡು ದುಡಿದು ಸೂರಿಗೆ ಹೊದಿಸಿದ ಶೀಟು ಅದು ಅಂದಳು. ಅಜ್ಜಿ ಎಲ್ಲದಕ್ಕೂ ಹೂಂ ಅಂದಳು, ಬಾಯಿ ಮಾತ್ರ ಬಿಡಲಿಲ್ಲ. ಎರಡೂ ಇಪ್ಪತ್ತು. ಎರಡೂವರೆ. ಶಶಿ ಎದ್ದಳು, ಕಟ್ಟೆ ಸುತ್ತಿದಳು, ಮತ್ತೆ ಬಂದು ಕೂತಳು. ತನ್ನ ತಪ್ಪು ತನ್ನನ್ನೇ ತಿನ್ನುತ್ತಿತ್ತು. ತಪ್ಪು ಮಾಡಿದವರಿಗೆ ಬೇರೆಯವರ ಮೇಲೆ ಸಿಟ್ಟು ಬರುವುದು ಬೇಗ.

"ಯಾರ ಸೋದರಮಾವ ದಾರಿ ತಪ್ಪೋದು? ನಂದಾ?" ಅಂದಳು, ಜೋರಾಗಿ. "ನನ್ನ ಸೋದರಮಾವ ದಾರಿ ತಪ್ಪಿ ಹನ್ನೊಂದು ವರ್ಷ ಆಯ್ತು! ಇನ್ನೆಲ್ಲಿಗಜ್ಜಿ ತಪ್ಪೋದು ಅವ್ನು?"

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅನ್ನುತ್ತಾರೆ. ಆಡಿದ ಮೇಲೆ ಶಶಿ ಬಾಯಿಗೆ ಕೈ ಇಟ್ಟುಕೊಂಡಳು.

ಅವಳ ಸೋದರಮಾವ ಗಿರಿ. ಪಿಳ್ಳಮ್ಮನಿಗೆ ಹುಟ್ಟಿದ್ದು ಇಬ್ಬರು, ಗೋವಿಂದಮ್ಮ ದೊಡ್ಡವಳು, ಗಿರಿ ಚಿಕ್ಕವನು. ಹನ್ನೊಂದು ವರ್ಷದ ಹಿಂದೆ ಕಲ್ಲುಕ್ವಾರಿಗೆ ಕೆಲಸಕ್ಕೆ ಹೋದ. ಯುಗಾದಿಗೆ ಬತ್ತೀನಿ, ಒಬ್ಬಟ್ಟು ಮಾಡಿಡು ಅಂದಿದ್ದ. ಯುಗಾದಿ ಬಂತು, ಅವನು ಬರಲಿಲ್ಲ. ಕ್ವಾರಿಯವರು, ಬಂಡೆ ಸಿಡಿದು ಅನಾಹುತ ಆದದ್ದಕ್ಕೆ ಹಿಂದಿನ ದಿನವೇ ಅವನು ಲೆಕ್ಕ ಚುಕ್ತಾ ಮಾಡಿಕೊಂಡು ಹೋದ ಅಂದರು. ಜೊತೆಯವರಲ್ಲಿ ಒಬ್ಬ, ಆವತ್ತು ಬಂಡೆ ಸಿಡಿಸುವಾಗ ಅಲ್ಲೇ ಇದ್ದ ಅಂದ, ಇನ್ನೊಬ್ಬ ಇರಲಿಲ್ಲ ಅಂದ. ಸ್ಟೇಷನ್ನಿಗೂ ತಿರುಗಿದ್ದಾಯಿತು. ಸತ್ತ ಅಂದವರಿಗೆ ಹೆಣ ತೋರಿಸಲಾಗಲಿಲ್ಲ, ಬದುಕಿದ್ದಾನೆ ಅಂದವರಿಗೆ ಆಳು ತೋರಿಸಲಾಗಲಿಲ್ಲ. ಮನೆಯಲ್ಲಿ ಅವನ ಹೆಸರು ಹಿಡಿದು ಯಾರೂ ಅಳಲಿಲ್ಲ. ಅಳುವುದಕ್ಕೆ ಪಿಳ್ಳಮ್ಮ ಬಿಡಲಿಲ್ಲ.

"ಅವ್ನು ಬತ್ತಾ ಅವ್ನೆ," ಅಂದಳು ಪಿಳ್ಳಮ್ಮ, ನೆಲ ನೋಡಿಕೊಂಡು. ದನಿ ಸಣ್ಣಗಾಗಿತ್ತು. "ನಡ್ಕಂಡು ಬತ್ತಾ ಅವ್ನೆ. ಅರ್ಧ ದಾರಿಗೆ ಬಂದಿರ್ತಾನೆ, ಮುಕ್ಕಾಲಿಗೆ ಬಂದಿರ್ತಾನೆ, ನಮಗೇನು ಗೊತ್ತು? ನಾನೀಗ ಬಾಯಿ ಬಿಟ್ಟು, ನೀನು ಕೇಳ್ಬುಟ್ಟು, ಅವ್ನು ಅಲ್ಲಿಂದ ಅಂಗೇ ತಿರುಕ್ಕಂಡ್ಬುಟ್ರೆ? ಹನ್ನೊಂದು ವರ್ಸದಿಂದ ಹಗಲಲ್ಲಿ ಒಂದು ಒಗಟೂ ಬಿಡ್ಸಿಲ್ಲ ನಾನು. ನಾಲ್ಗೆ ಕಚ್ಕಂಡು ಇದ್ದೀನಿ."

ಶಶಿಗೆ ಇದು ಗೊತ್ತಿರಲಿಲ್ಲ. ಅಜ್ಜಿಗೆ ವಯಸ್ಸಾಯಿತು, ಮಾತು ಕಮ್ಮಿಯಾಯಿತು ಅಂದುಕೊಂಡಿದ್ದಳು. ಅವಳಿಗೆ ಇನ್ನೊಂದು ನೆನಪಾಯಿತು. ಮೊಬೈಲಿನ ಕತೆಯನ್ನು ಅವಳು ಕಿವಿಗೆ ವೈರು ಸಿಕ್ಕಿಸಿಕೊಂಡು ಕೇಳಿದ್ದು ಕಂಪನಿ ಬಸ್ಸಿನಲ್ಲಿ, ಹಾಡುಹಗಲಿನಲ್ಲಿ, ಹತ್ತು ಸಲ.

ಶ್ಯಾಮಣ್ಣ ಸ್ವಲ್ಪ ಹೊತ್ತು ಕಾದ. ಮೂರಾಯಿತು. ಜೀಪಿನ ಬಾನೆಟ್ಟಿನ ಮೇಲೆ ಕಾಗದ ಇಟ್ಟುಕೊಂಡು ಬರೆಯತೊಡಗಿದ. ಬೇರೆ ಏನು ಮಾಡಿಯಾನು? ಬರೆದು ಮುಗಿಸಿ ಇಂಕ್‌ಪ್ಯಾಡು ಹಿಡಿದು ಅಜ್ಜಿಯ ಹತ್ತಿರ ಬಂದ.

"ಅಜ್ಜೀ, ಇಲ್ಲೊಂದು ಹೆಬ್ಬೆಟ್ಟು ಹಾಕ್ಬಿಡು. ನಿನ್ನ ವಿಚಾರಿಸಿದ್ದೀನಿ ಅನ್ನೋದಕ್ಕೆ."

"ಏನಂತ ಬರ್ದೆ?"

"ಇಲ್ಲ ಅಂತ."

"ಏನಿಲ್ಲ?"

ಶ್ಯಾಮಣ್ಣ ತಮಿಳಿನದನ್ನು ಕನ್ನಡದಲ್ಲಿ ಓದಿದ, ಒಂದೊಂದೇ. "ಹಳೆದೊಡ್ಡಿ ಅನ್ನೋ ಊರು ಇಲ್ಲ. ಜನ ವಾಸ ಇದ್ದ ಗುರುತು ಇಲ್ಲ. ನೀರಿನ ಹೊಂಡ ಇಲ್ಲ. ಸತ್ತೋರ ಕಲ್ಲು ಇಲ್ಲ."

"ನಮ್ಮತ್ತೆ ಕಲ್ಲು ಐತಲ್ಲಪ್ಪ. ನಮ್ಮೆಜಮಾನಂದು ಐತೆ. ನಾನೇ ಇಟ್ಟಿವ್ನಿ."

"ಇರ್ಬೋದಜ್ಜಿ. ಕಾಣ್ಲಿಲ್ವಲ್ಲ. ಕಾಣ್ದಿದ್ರೆ ನಾನು ಇಲ್ಲ ಅಂತಾನೇ ಬರೀಬೇಕು."

"ಅಂಗಾರೆ ಅವ್ರು ಇರ್ಲೇ ಇಲ್ಲ?"

ಶ್ಯಾಮಣ್ಣ ಇಂಕ್‌ಪ್ಯಾಡಿನ ಮುಚ್ಚಳ ತೆಗೆದು ಹಿಡಿದೇ ನಿಂತಿದ್ದ.

ಪಿಳ್ಳಮ್ಮ ಹೆಬ್ಬೆಟ್ಟು ಮುಂದೆ ಚಾಚಿದಳು. ಪ್ಯಾಡಿನ ಹತ್ತಿರ ತಂದಳು. ಅಲ್ಲೇ ನಿಲ್ಲಿಸಿದಳು. ಎಷ್ಟು ಹೊತ್ತು ಹಾಗೆ ಕೂತಿದ್ದಳೋ, ಶಶಿ ಮೊದಲ ಸಲ ಗಂಟೆ ನೋಡಲಿಲ್ಲ. ಮುದುಕಿಯ ತುಟಿ ಅಲ್ಲಾಡುತ್ತಿತ್ತು, ಒಳಗೊಳಗೇ ಯಾರ ಹತ್ತಿರವೋ ಜಗಳ ಆಡುತ್ತಿದ್ದಳು, ಯಾರನ್ನೋ ಕ್ಷಮಿಸು ಅಂತ ಬೇಡುತ್ತಿದ್ದಳು. ಆಮೇಲೆ ಕೈ ಹಿಂದಕ್ಕೆ ಎಳೆದುಕೊಂಡಳು.

"ಶಶೀ, ಬಾ ಇಲ್ಲಿ."

ಶಶಿ ಹತ್ತಿರ ಬಂದಳು.

"ಅವ್ರಿಬ್ರುನ್ನೂ ಇಪ್ಪತ್ತಾಳು ದೂರ ನಿಂತ್ಕಳಕ್ಕೆ ಹೇಳು. ಅವ್ರಿಗೆ ಮಾವಂದ್ರವ್ರೆ, ಅವ್ರು ಕೇಳ್ಬಾರ್ದು."

"ನಾನು ಅಜ್ಜಿ?"

ಪಿಳ್ಳಮ್ಮ ಮೊಮ್ಮಗಳ ತಲೆ ಮೇಲೆ ಕೈ ಇಟ್ಟಳು. "ನೀನು ಕೇಳ್ಬೋದು. ನಿಂಗೆ ಸೋದರಮಾವ ಇಲ್ಲ ಕಣವ್ವಾ."

ಇಷ್ಟು ವರ್ಷ ಆ ಮನೆಯಲ್ಲಿ ಯಾರೂ ಆಡದ ಮಾತು ಅದು. ಶಶಿ ಅಜ್ಜಿಯ ಮಡಿಲಿಗೆ ಮುಖ ಹಾಕಿ ಅತ್ತಳು, ಸಣ್ಣ ಹುಡುಗಿಯ ಹಾಗೆ, ಸೊರ ಸೊರ ಮೂಗೆಳೆದುಕೊಂಡು. ತಪ್ಪಾಯ್ತು ಅಜ್ಜಿ, ತಪ್ಪಾಯ್ತು ಅಂದಳು. ಯಾವ ತಪ್ಪು ಅಂತ ಅವಳಿಗೂ ಗೊತ್ತಿರಲಿಲ್ಲ, ಆಣೆಯದೋ, ಬಸ್ಸಿನದೋ, ಈಗ ಆಡಿದ ಮಾತಿನದೋ.

"ಏಳು, ಏಳು. ಅತ್ಕಂಡು ಕುಂತ್ರೆ ಹೊತ್ತು ನಿಲ್ಲಕಿಲ್ಲ. ಕೈ ಹಿಡ್ಕ," ಅಂದಳು ಪಿಳ್ಳಮ್ಮ, ಮತ್ತೆ ಅದೇ ಗಡಸು ದನಿಯಲ್ಲಿ.

ಕತೆ ಶುರುವಾಯಿತು. ಅಜ್ಜಿ ಶಶಿಯ ಕಿವಿಯ ಹತ್ತಿರ ಬಾಯಿ ಇಟ್ಟು ಹೇಳುತ್ತಾ ನಡೆದಳು. ಇಪ್ಪತ್ತಾಳು ಹಿಂದೆ ಶ್ಯಾಮಣ್ಣ, ಭೈರೇಶ್. ಕೇಳಿಸದಿದ್ದರೂ ಇರಲಿ ಅಂತ ಭೈರೇಶ್ ಒಂದು ಕಿವಿಗೆ ಬೆರಳು ಇಟ್ಟುಕೊಂಡಿದ್ದ. ನಂಬಿಕೆಯಿಂದಲೋ, ಮನೆಯ ಹೆಂಡತಿ ಹೆದರಿಕೆಯಿಂದಲೋ, ಅವನನ್ನೇ ಕೇಳಬೇಕು. ಮದಲಗಿತ್ತಿ ಕಟ್ಟೆಗೆ ಬೆನ್ನು ಹಾಕಿ, ಮಧ್ಯಾಹ್ನದ ಬಿಸಿಲನ್ನು ಎಡಗೆನ್ನೆಗೆ ತಗೊಂಡು ನಡೆದಳು ಅಂದಾಗ ಅಜ್ಜಿಯೂ ಹಾಗೇ ತಿರುಗಿದಳು. "ಎಡಕ್ಕೆ ಬನ್ನಿ!" ಅಂತ ಶಶಿ ಹಿಂದಕ್ಕೆ ಕೂಗಿದಳು. ಇಳಿಜಾರಿನಲ್ಲಿ ಅವಳ ಕಾಲುಂಗುರ ಜಾರಿತು, ಅಂದಾಗ ನಿಜವಾಗಿ ಇಳಿಜಾರು ಬಂತು. ಲಂಟಾನದ ಒಳಗೆ ಬಗ್ಗಿ ಬಗ್ಗಿ ಹೋದರು, ಸೀರೆ ಹರಿಯಿತು, ಮುದುಕಿ ನಿಲ್ಲಲಿಲ್ಲ. ಇನ್ನೆಷ್ಟು ದೂರ ಅಂದಳು ಮದಲಗಿತ್ತಿ, ಇಗೋ ಇಲ್ಲೇ ಅಂದ ಆ ಸುಳ್ಳುಬುರುಕ. ಹತ್ತು ಹೆಜ್ಜೆಗೆ ಬಂಡೆಯ ಹೊಂಡ ಸಿಕ್ಕಿತು, ತುಂಬ ನೀರು, ಮೇಲೆ ಹಸಿರು ಪಾಚಿ. ಶ್ಯಾಮಣ್ಣ ಹಿಂದಿನಿಂದ "ಅಯ್ಯೋ ಶಿವನೇ" ಅಂದದ್ದು ಇಲ್ಲಿಗೆ ಕೇಳಿಸಿತು.

ಶಶಿ ಹುಟ್ಟಿದ್ದು ರಸ್ತೆ ಪಕ್ಕ, ಬೆಳೆದದ್ದು ರಸ್ತೆ ಪಕ್ಕ. ಕಾಡು ಅಂದರೆ ಅವಳಿಗೆ ಬೋರ್ಡು, ಕಂದಕ, ಒಳಗೆ ಹೋಗಬೇಡಿ ಅನ್ನುವ ಗಾರ್ಡು. ಈಗ ಅಜ್ಜಿಯ ಬಾಯಿಂದ ಒಂದು ಮಾತು ಬರುವುದು, ಕಾಲ ಕೆಳಗೆ ಅದು ಸಿಕ್ಕುವುದು. ಅವಳಿಗೆ ಖುಷಿಯೂ ಆಯಿತು, ಹೆದರಿಕೆಯೂ ಆಯಿತು. ಇಷ್ಟು ದಿನ ಇದನ್ನು ಕೇಳಿಸಿಕೊಳ್ಳದೆ ನಿದ್ದೆ ಹೋಗುತ್ತಿದ್ದೆನಲ್ಲ ಅಂತ ತನ್ನನ್ನೇ ಬೈದುಕೊಂಡಳು. ಒಂದು ಮಾತೂ ತಪ್ಪಿ ಹೋಗಬಾರದು ಅಂತ ತುಟಿಯಲ್ಲೇ ಹೇಳಿಕೊಳ್ಳುತ್ತಾ ನಡೆದಳು. ಬಳೆ ಒಡೆದ ದಿಬ್ಬ. ಗೆಣಸು ಸುಟ್ಟ ತಗ್ಗು. ಸುಳ್ಳುಬುರುಕನ ತಿರುವು.

ಆಣೆಕಲ್ಲು ದೊಡ್ಡದೇನೂ ಅಲ್ಲ. ಒಬ್ಬಳು ಹೆಣ್ಣುಮಗಳು ಕಾಲು ಇಳಿಬಿಟ್ಟು ಕೂರುವಷ್ಟು ಚಪ್ಪಟೆ ಕಲ್ಲು. ಅದರಾಚೆ ಪೊದೆಯೊಳಗೆ ಕುಸಿದ ಮಣ್ಣಿನ ಗೋಡೆಗಳು, ಮಸಿ ಹಿಡಿದ ಒಲೆಗಲ್ಲುಗಳು, ಅಂಚು ಸವೆದ ಒಂದು ಒರಳು. ಭೈರೇಶ್ ಕತ್ತಿಯಿಂದ ಪೊದೆ ಸವರಿದ ಹಾಗೆಲ್ಲ ಒಂದೊಂದೇ ಕಾಣಿಸಿಕೊಂಡವು. ದೊಡ್ಡಿಯ ಹಿಂದೆ, ಹಳ್ಳದ ಮೇಲೆ, ಸತ್ತವರ ಕಲ್ಲುಗಳ ಸಾಲು. ಒಬ್ಬೊಬ್ಬರಿಗೆ ಒಂದೊಂದು, ಹಳ್ಳದ ನೀರಿನಲ್ಲಿ ನುಣುಪಾದ ಗೇಣೆತ್ತರದ ಕಲ್ಲು.

ಶ್ಯಾಮಣ್ಣ ಚಪ್ಪಲಿ ಬಿಟ್ಟು ಸಾಲಿನುದ್ದಕ್ಕೂ ನಡೆದು ಎಣಿಸಿದ. ಮೂವತ್ತೊಂದು. ಫೋಟೋ ತೆಗೆದ, ಜಾಗದ ಗುರುತು ಹಾಕಿಕೊಂಡ. ಮೊದಲಿನ ಕಾಗದ ನಾಲ್ಕು ಚೂರು ಮಾಡಿ ಜೇಬಿಗೆ ಹಾಕಿಕೊಂಡು, ಹೊಸ ಹಾಳೆ ತೆಗೆದು ಕಲ್ಲಿನ ಮೇಲೆ ಕೂತು ಬರೆದ. ಊರು ಇದೆ. ನೀರಿನ ಹೊಂಡ ಇದೆ. ಬರೆಯುತ್ತಾ ಶಶಿಗೆ ಕೇಳುವ ಹಾಗೆ ಜೋರಾಗಿ ಓದುತ್ತಿದ್ದ. ಶಶಿ ಉಸಿರು ಬಿಟ್ಟಳು. ಗಂಟೆ ನಾಲ್ಕೂ ಹತ್ತು.

ಪಿಳ್ಳಮ್ಮ ಅವಳ ತೋಳು ಹಿಡಿದು ಎಳೆದಳು. "ಹಳ್ಳಕ್ಕೆ ಇಳ್ಸು ನನ್ನ."

ಹಳ್ಳದಲ್ಲಿ ನೀರು ತೆಳ್ಳಗೆ ಹರಿಯುತ್ತಿತ್ತು. ಅಜ್ಜಿ ನೀರಿಗೆ ಇಳಿದು, ಬಗ್ಗಿ, ಕೈಯಿಂದ ಕಲ್ಲುಗಳನ್ನು ತಡವಿದಳು. ಒಂದನ್ನು ಹಿಡಿದು ಬಿಟ್ಟಳು, ಒರಟು. ಇನ್ನೊಂದನ್ನು ಬಿಟ್ಟಳು, ಬಿರುಕು. ಮೂರನೆಯದನ್ನು ಎರಡೂ ಕೈಯಿಂದ ಸವರಿ ಸವರಿ ನೋಡಿದಳು, ತಲೆ, ಬೆನ್ನು, ಹೊಟ್ಟೆ. ಅದನ್ನು ಎತ್ತಿ ಮಡಿಲಿಗೆ ಹಾಕಿಕೊಂಡಳು. ಭಾರಕ್ಕೆ ಸೊಂಟ ಬಗ್ಗಿತು.

"ಕೊಡಜ್ಜಿ, ನಾನು ಹೊರ್ತೀನಿ."

"ಬ್ಯಾಡ. ಹೊತ್ತೋಳು ನಾನು."

ದಡ ಹತ್ತುವಾಗ ಎರಡು ಸಲ ಕೂತು ಸುಧಾರಿಸಿಕೊಂಡಳು. ಶಶಿ ಬೆನ್ನಿಗೆ ಕೈ ಕೊಟ್ಟಳು, ಕಲ್ಲು ಮುಟ್ಟಲಿಲ್ಲ. ಸಾಲಿನ ಕೊನೆಯಲ್ಲಿ, ಗಂಡನ ಕಲ್ಲಿನ ಪಕ್ಕಕ್ಕೆ, ಪಿಳ್ಳಮ್ಮ ಬೆರಳಿನಿಂದ ಮಣ್ಣು ಕೆದಕಿದಳು. ಶಶಿಯೂ ಕೆದಕಿದಳು. ಕಲ್ಲು ನಿಲ್ಲಿಸಿ ಬುಡಕ್ಕೆ ಮಣ್ಣು ಒತ್ತಿದರು. ಅಜ್ಜಿ ಸೆರಗ ತುದಿಯಿಂದ ಅದರ ನೀರು ಒರೆಸಿದಳು. ಅವಳು ಅಳಲಿಲ್ಲ, ಒರೆಸುತ್ತಲೇ ಇದ್ದಳು.

"ಆಯ್ತಾ ಅಜ್ಜಿ? ಹೊರಡಣ, ಇದಕ್ಕೊಂದು ಹೆಬ್ಬೆಟ್ಟು ಹಾಕು," ಅಂತ ಶ್ಯಾಮಣ್ಣ ಕಾಗದ ಹಿಡಿದು ಬಂದ. ಬಂದವನು ಸರ್ಕಾರಿ ಮನುಷ್ಯ, ಅಭ್ಯಾಸಕ್ಕೆ ಇನ್ನೊಂದು ಸಲ ಕಣ್ಣಲ್ಲೇ ಎಣಿಸಿದ. ಹುಬ್ಬು ಗಂಟಿಕ್ಕಿದ. "ಮೂವತ್ತೊಂದು ಇತ್ತಲ್ಲ? ಮೂವತ್ತೆರಡಾಯ್ತು. ಇದ್ಯಾವಾಗ ಬಂತಜ್ಜಿ?"

"ಬಂತಲ್ಲಪ್ಪ," ಅಂದಳು ಪಿಳ್ಳಮ್ಮ. "ಬಂದ. ನನ್ ಮಗ. ಈಗ ಬಂದ."